ಬುರುಲಳ ನರಿಟೋಪಿ

ಸಣ್ಣ ರೈಫಲ್ಲಿನ ಸದ್ದು ಒಣಕಡ್ಡಿ ಮುರಿದಷ್ಟೇ ಕೇಳಿಸಿತು. ಇಳಿಜಾರಿನ ಬುಡದಲ್ಲಿ ಹಿಮ ಕೆದರಿ ಇಲಿ ಹುಡುಕುತ್ತಿದ್ದ ನರಿ ನಿಂತಲ್ಲೇ ಮಗುಚಿಬಿತ್ತು. ಜಿಗಿಯಲಿಲ್ಲ, ಕಿರುಚಲಿಲ್ಲ, ಬಾಲ ಕೂಡ ಅಲ್ಲಾಡಿಸಲಿಲ್ಲ.

"ಬಿತ್ತು!" ಎಂದು ಬುರುಲ್ ಎದ್ದೇಬಿಟ್ಟಳು. ಗಂಡ ಮುಕಾಶ್ ಅವಳ ಕೋಟಿನ ತುದಿ ಹಿಡಿದು ಜಗ್ಗಿ ಕೂರಿಸಿದ.

"ಕೂತ್ಕೋ ಮುದುಕಿ. ದೊಡ್ಡ ಬಂದೂಕಿನ ಏಟಾದ್ರೆ ಬಿದ್ದದ್ದು ಬಿದ್ದ ಹಾಗೇ. ಈ ಕಾಳಿನಷ್ಟು ಗುಂಡಿಗೆ ಒಂದೊಂದು ನರಿ ಒಂದೊಂದು ಥರ ಆಡ್ತದೆ. ಒಂದು ನೆಟ್ಟಗೆ ಮೇಲಕ್ಕೆ ನೆಗೆದು ತನ್ನ ಪಕ್ಕೇನ ತಾನೇ ಕಚ್ಕೊಳ್ತದೆ, ಕಣಜ ಕಡಿದ ಹಾಗೆ. ಒಂದು ಬಾಲ ಗಿರಗಿರ ತಿರುಗಿಸ್ತದೆ. ಇನ್ನೊಂದು ಏನೂ ಆಗದ ಹಾಗೆ ಓಡಿ, ಗುಡ್ಡದಾಚೆ ಹೋಗಿ ಬೀಳ್ತದೆ. ಹೀಗೆ ಸದ್ದಿಲ್ಲದೆ ಮಲಗಿಬಿಡೋದನ್ನ ಮಾತ್ರ ನಂಬಬಾರದು. ಮೊದಲು ಕಿವಿ ನೋಡ್ಬೇಕು. ತಲೆಗೆ ಅಂಟಿಸ್ಕೊಂಡಿತ್ತೋ, ಜೀವ ಇದೆ ಅಂತ್ಲೇ ಲೆಕ್ಕ."

"ನೀವು ಕಿವಿ ನೋಡ್ತಾ ಕೂತಿರಿ. ಅಷ್ಟರಲ್ಲಿ ಯಾರಾದ್ರೂ ಬಂದು ಕೇಳ್ತಾರೆ."

ಬುರುಲಳಿಗೆ ಇದ್ದದ್ದು ಅದೊಂದೇ ಹೆದರಿಕೆ. ಬೇಟೆಯಾಡಿದವನಿಗೆ ಎದುರಾದವರು "ಶಿರಾಲ್ಗಾ" ಎಂದುಬಿಟ್ಟರೆ ಮುಗಿಯಿತು, ಬೇಟೆಯಲ್ಲಿ ಅವರಿಗೆ ಪಾಲು. ನರಿಯಾದರೆ ಇಡೀ ಚರ್ಮವೇ ಅವರದು. ಇಲ್ಲ ಅಂದವನ ಬಂದೂಕಿಗೆ ಮುಂದೆ ಇಲಿಯೂ ಬೀಳುವುದಿಲ್ಲವೆಂದು ಕಣಿವೆಯ ನಂಬಿಕೆ. ಮದುವೆಯಾದ ಚಳಿಗಾಲದಲ್ಲೇ ಮುಕಾಶ್ ಅವಳಿಗೆ ನರಿತುಪ್ಪಳದ ಟೋಪಿ ಹೊಲಿಸಿಕೊಡುತ್ತೇನೆ ಎಂದಿದ್ದ. ಅವಳ ಜಡೆ ಬೆಳ್ಳಗಾಯಿತು. ಅವನು ಹೊಡೆದ ನರಿಗಳು ಬೇಕಾದಷ್ಟು, ಮನೆಯ ಹೊಸ್ತಿಲು ದಾಟಿದ್ದು ಒಂದೂ ಇಲ್ಲ. ಒಂದು ಮೇಷ್ಟರ ಹೆಂಡತಿಯ ತಲೆಗೇರಿತು, ಒಂದು ಟ್ರ್ಯಾಕ್ಟರ್ ಓಡಿಸುವವನ ತಲೆಗೆ, ಮತ್ತೊಂದು ದಾರಿ ಕೇಳಲು ನಿಂತ ಯಾರೋ ಗುರುತಿಲ್ಲದವನ ತಲೆಗೆ. ಬರಿಗೈಯಲ್ಲಿ ಬಂದು ಕತ್ತು ತುರಿಸಿಕೊಳ್ಳುತ್ತಾ ಅವನು ಪ್ರತಿಸಲವೂ ಹೇಳುತ್ತಿದ್ದ ಮಾತು ಒಂದೇ: "ಬಾಯ್ಬಿಟ್ಟು ಕೇಳಿದ್ಮೇಲೆ ಇಲ್ಲ ಅನ್ನೋಕಾಗ್ತದಾ?"

ಅದಕ್ಕೇ ಇವತ್ತು ಅವಳೇ ಕುದುರೆ ಏರಿ ಜೊತೆಗೆ ಬಂದಿದ್ದಳು. ತಲೆಗೆ ಎರಡು ಶಾಲು ಬಿಗಿದಿದ್ದರೂ ಚಳಿಗೆ ಕಿವಿ ಸಿಡಿಯುತ್ತಿತ್ತು.

ಹೊಳೆಯ ಕಡೆಯಿಂದ ಒಬ್ಬ ಸವಾರ ಬರುತ್ತಿದ್ದ. ಕುದುರೆಯ ಮೇಲೆ ವಾಲಿ ಕೂತ ರೀತಿಯಲ್ಲೇ ಗೊತ್ತಾಯಿತು, ಜೂನುಶ್. ಮುಕಾಶನ ಚಿಕ್ಕಪ್ಪನ ಮಗ. ಈಗಾಗಲೇ ಎರಡು ನರಿ ಕೇಳಿ ಪಡೆದು, ಮೂರನೆಯದಕ್ಕೂ ನಾಚದವನು. ಹಿಮದ ಮೇಲೆ ಕೆಂಪಗೆ ಬಿದ್ದದ್ದನ್ನು ಕಂಡಿದ್ದೇ ತಡ, ಕುದುರೆಗೆ ಚಾವಟಿ ಬೀಸಿದ.

"ಬಂದ ನೋಡಿ, ಹಾಳಾದವನು!" ಎಂದವಳೇ ಬುರುಲ್ ಇಳಿಜಾರಿನಲ್ಲಿ ಕೂತು, ಚಿಕ್ಕ ಹುಡುಗಿಯ ಹಾಗೆ ಜಾರಿಕೊಂಡು ಹೊರಟೇಬಿಟ್ಟಳು. "ಲೇ, ಕಿವೀ! ಕಿವಿ ನೋಡೇ!" ಎಂದು ಮುಕಾಶ್ ಮೇಲಿನಿಂದ ಕೂಗಿದ್ದು ಅವಳ ಶಾಲುಗಳೊಳಗೆ ಇಳಿಯಲಿಲ್ಲ. ಜೂನುಶನ ಕುದುರೆ ತಗ್ಗಿನ ಹಿಮದಲ್ಲಿ ಎದೆಮಟ್ಟ ಹೂತು ಒದ್ದಾಡತೊಡಗಿತು. ಬುರುಲ್ ನರಿಯ ಪಕ್ಕ ಮೊಣಕಾಲೂರಿ ಏದುಸಿರಿನಲ್ಲಿ ಕೂಗಿದಳು: "ಶಿರಾಲ್ಗಾ!"

"ಕಟ್ಕೊಂಡ ಹೆಂಡ್ತಿ ಕೇಳೋದುಂಟೇನೇ?" ಮುಕಾಶನಿಗೆ ನಗು ತಡೆಯಲಾಗಲಿಲ್ಲ. "ಹೇಗೂ ಮನೆಗೇ ಬರ್ತದಲ್ಲ!"

"ಬರಲ್ವಲ್ಲ, ಅದಕ್ಕೇ ಕೇಳ್ತಿರೋದು! ಕೊಟ್ಟೆ ಅನ್ನಿ!"

"ಕೊಟ್ಟೆ ಮಾರಾಯ್ತಿ, ಕೊಟ್ಟೆ. ನಿಂದೇ. ನಿನ್ನ ತಲೆ ಬೆಚ್ಚಗಿರ್ಲಿ."

ಬುರುಲ್ ಕೈಗವಸು ಕಿತ್ತು ಬಿಸಾಡಿ, ನರಿಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. ಎಂಥ ತುಪ್ಪಳ! ಬೆರಳು ಗೆಣ್ಣಿನವರೆಗೂ ಮುಳುಗಿದವು. ಗುಂಡು ನೆತ್ತಿಯನ್ನು ಸವರಿಕೊಂಡು ಹೋಗಿತ್ತು, ಕೂದಲ ನಡುವೆ ಒಂದು ಕೆಂಪು ಗೆರೆ, ಅಷ್ಟೇ. ಆಗ ಅವಳ ಕಣ್ಣು ಕಿವಿಗಳ ಮೇಲೆ ಬಿತ್ತು. ಎರಡೂ ತಲೆಗೆ ಅಂಟಿಕೊಂಡಿದ್ದವು. ಅಂಗೈ ಕೆಳಗೆ ಪುಟ್ಟ ಎದೆಯೊಂದು ಡವಡವ ಹೊಡೆದುಕೊಳ್ಳುತ್ತಿತ್ತು. ನರಿ ಕಣ್ಣು ತೆರೆದು ಅವಳನ್ನು ನೋಡಿತು. ಕಚ್ಚಲಿಲ್ಲ. ಉಸಿರು ಬಿಗಿಹಿಡಿದು, ಅವಳೇನು ಮಾಡುತ್ತಾಳೋ ಎಂದು ಕಾಯುತ್ತಿತ್ತು.

"ಕತ್ತು ಅದುಮು! ಬಿಡಬೇಡ!" ಮುಕಾಶ್ ಓಡಿ ಬರುತ್ತಿದ್ದ.

ಅದುಮುವ ಶಕ್ತಿ ಆ ಕೈಗಳಿಗಿತ್ತು, ಎಷ್ಟೋ ಕುರಿಗಳನ್ನು ಹಿಡಿದು ಮಲಗಿಸಿದ ಕೈಗಳವು. ಆಸೆಯೂ ಇತ್ತು, ಮದುವೆಯಷ್ಟೇ ಹಳೆಯದು. ಆದರೂ ಬುರುಲ್ ಬೆರಳು ಸಡಿಲಿಸಿದಳು.

ನರಿ ಮಡಿಲಿನಿಂದ ಚಿಮ್ಮಿತು. ಮೊದಲು ಅಡ್ಡಾದಿಡ್ಡಿ, ಆಮೇಲೆ ನೆಟ್ಟಗೆ ಓಡಿ, ದಿಬ್ಬದ ತುದಿಯಲ್ಲಿ ನಿಂತು ಹಿಂದಿರುಗಿ ನೋಡಿತು. ಬಂದೂಕಿನವನಿಗೆ ಇದಕ್ಕಿಂತ ಒಳ್ಳೆಯ ಗುರಿ ಬೇಕಿರಲಿಲ್ಲ. ಮುಕಾಶ್ ರೈಫಲ್ ಎತ್ತಿದ. ಬುರುಲ್ ಎದ್ದು ನಳಿಗೆಗೆ ಎದುರಾಗಿ ನಿಂತಳು.

"ಇಳಿಸ್ರೀ. ನಿಮ್ಮದಲ್ಲ ಅದು, ನಂದು."

ಅವನು ಅವಳ ಮುಖವನ್ನೇ ನೋಡಿದ. ರೈಫಲ್ ಇಳಿಸಿ, ತನ್ನ ಕುರಿಚರ್ಮದ ಹಳೆಯ ಟೋಪಿ ತೆಗೆದು ಅವಳ ಶಾಲುಗಳ ಮೇಲೆಯೇ ಒತ್ತಿ ಕೂರಿಸಿದ. ಅವಳು ಅದನ್ನು ಕಿವಿಯವರೆಗೂ ಎಳೆದುಕೊಂಡಳು.

ಅಷ್ಟರಲ್ಲಿ ಜೂನುಶ್ ಸೊಂಟದವರೆಗೆ ಹಿಮ ಮೆತ್ತಿಕೊಂಡು, ಕುದುರೆ ಎಳೆಯುತ್ತಾ ಬಂದು ಮುಟ್ಟಿದ. "ಶಿರಾಲ್ಗಾ ಅತ್ತಿಗೇ! ಎಲ್ಲಿ ನರಿ?"

"ತಡ ಮಾಡಿಬಿಟ್ಟೆಯಲ್ಲಪ್ಪ ಮೈದುನಾ," ಎಂದಳು ಬುರುಲ್, ಮಡಿಲಿಗಂಟಿದ ಕೆಂಪು ಕೂದಲನ್ನು ಕೊಡವುತ್ತಾ. "ನಿನಗಿಂತ ಮುಂಚೆ ಆ ನರೀನೇ ಅದರ ಚರ್ಮ ಕೇಳ್ತು. ಕೇಳಿದ್ಮೇಲೆ ಇಲ್ಲ ಅನ್ನೋಕಾಗ್ತದಾ?"