ನಾಲ್ಕು ಕೈಗಳ ಜಿ ಮೇಜರ್

ಮಗಳ ಕಿವಿ ಪೂರ್ತಿ ಹೋಗುವ ಮೊದಲು ಇಬ್ಬರೂ ಸೇರಿ ಪಿಯಾನೊ ನುಡಿಸಿ, ಅದನ್ನು ರೆಕಾರ್ಡ್ ಮಾಡಿ ಕೇಳಿಸುತ್ತೇನೆಂದು ಅಮ್ಮ ಎಂದೋ ಮಾತು ಕೊಟ್ಟಿದ್ದಳು. ಆಸ್ಪತ್ರೆ ಕೆಲಸದ ಡಬಲ್ ಡ್ಯೂಟಿಯಲ್ಲಿ ಅವಳ ವರ್ಷಗಳು ಜಾರಿಹೋದವು. ಮಗಳಿಗೆ ಕಿವಿ ಕೇಳುವುದು ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಚರ್ಚಿನ ಹಾಲಿಗೆ ಓಡಿಬಂದು, ಒಂದೇ ಬೆಂಚಿನ ಮೇಲೆ ಕೂತು, ಜಿ ಮೇಜರ್ ಶ್ರುತಿಯ ಆ ಪುಟ್ಟ, ಕುಣಿಯುವಂಥ ತುಣುಕನ್ನು ಇಬ್ಬರೂ ನುಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಮುಗಿಸಿದ್ದರು. ಮಗಳು ಕೊನೆಯವರೆಗೂ ಅಮ್ಮನ ಬೆರಳುಗಳಿಂದ ಕಣ್ಣು ಕಿತ್ತಿರಲಿಲ್ಲ.

ಅಮ್ಮ ಹೆಡ್‌ಫೋನನ್ನು ಮಗಳ ಕಿವಿಗಿಟ್ಟು, ಫೋನಿನಲ್ಲಿ ಪ್ಲೇ ಒತ್ತಿದಳು.

"ಕೇಳಿಸ್ತಿದೆಯೇನೇ?"

ಮಗಳು ಅಮ್ಮನ ತುಟಿಗಳನ್ನೇ ನೋಡುತ್ತಾ ನಕ್ಕಳು. "ಹೂಂ ಅಮ್ಮಾ, ಸಕತ್ತಾಗಿದೆ! ಎಷ್ಟು ಖುಷಿಖುಷಿಯಾಗಿದೆ ಅಲ್ವಾ?"

"ವೇಗ ಸರಿ ಬಂತಾ?"

"ಮಧ್ಯದಲ್ಲಿ ನೀನೇ ಎಳೆದೆ, ಥೇಟ್ ಅಜ್ಜಿ ಥರ. ನಿನಗೋಸ್ಕರ ನಾನು ಕಾಯ್ಬೇಕಾಯ್ತು."

ಮಗಳು ಲಯಬದ್ಧವಾಗಿ ತಲೆದೂಗತೊಡಗಿದಳು. ಸದ್ಯ, ತಡವಾಗಲಿಲ್ಲ ಎಂದು ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಫೋನಿನತ್ತ ನೋಡಿದಳು. ರೆಕಾರ್ಡಿಂಗ್ ಶುರುವೇ ಆಗದೆ ಸೊನ್ನೆ ಸೆಕೆಂಡಿನಲ್ಲೇ ನಿಂತಿತ್ತು. ಅವಸರದಲ್ಲಿ ಅವಳ ಬೆರಳು ಪ್ಲೇ ಬಟನ್‌ಗೆ ಸರಿಯಾಗಿ ತಾಗಿರಲೇ ಇಲ್ಲ.

ಮಗಳು ಇನ್ನೂ ತಲೆದೂಗುತ್ತಲೇ ಇದ್ದಳು. ಅಮ್ಮ ಕೊಟ್ಟ ಮಾತು ತಪ್ಪಿತ್ತು.