ಏಕಾಂತಪ್ಪನವರ ಬಿದಿರು ತಟ್ಟಿ

ಎದುರು ಮನೆಯ ಹೂವಮ್ಮ ಕೊಟ್ಟ ಕಾಫಿಯನ್ನು ಏಕಾಂತಪ್ಪನವರು ಹರಳೆಣ್ಣೆ ಕುಡಿದಂತೆ ಕಣ್ಣು ಮುಚ್ಚಿ ಗಂಟಲಿಗೆ ಸುರಿದುಕೊಂಡರು. ಕಣ್ಣು ಬಿಟ್ಟರೆ ಕಾರ್ಖಾನೆಯ ವೆಲ್‌ಫೇರ್ ಆಫೀಸರು ತಮ್ಮನ್ನೇ ನೋಡುತ್ತಿದ್ದಾರೆ. ತಕ್ಷಣ ನಾಲಿಗೆ ಚಪ್ಪರಿಸಿದರು.

"ಕಾಫಿ ಅಂದ್ರೆ ನಮ್ಮ ಹೂವಮ್ಮನ ಕಾಫಿ ಸಾರ್! ಈ ಲೈನಲ್ಲಿ ಜಾತಿ ಗೀತಿ ಯಾವನು ಕೇಳ್ತಾನೆ?"

ಜಾತಿ ಕೇಳುತ್ತಿದ್ದವರು ಇಡೀ ಲೈನಿನಲ್ಲಿ ಅವರೊಬ್ಬರೇ. ಭದ್ರಾವತಿಯ ಈ ಕ್ವಾರ್ಟರ್ಸ್ ಲೈನಿಗೆ ಬಂದ ದಿನವೇ ಸ್ಟೋರ್ಸ್ ಗುಮಾಸ್ತ ಏಕಾಂತಪ್ಪನವರು ಹಿತ್ತಿಲಿನ ಎರಡೂ ಬದಿಗೆ ಆಳೆತ್ತರದ ಬಿದಿರು ತಟ್ಟಿ ಕಟ್ಟಿಸಿದ್ದರು. ಎಡಕ್ಕೆ ತಮಿಳರ ಆರುಮುಗಂ. ಒಣಮೀನಿನ ವಾಸನೆ ಬಂದರೆ ಬೀದಿಗೆಲ್ಲ ಕೇಳುವಂತೆ ಕ್ಯಾಕರಿಸುತ್ತಿದ್ದರು. ಬಲಕ್ಕೆ ವಹಾಬ್ ಸಾಬರು. ಅವರ ಕೋಳಿ ತಟ್ಟಿ ನುಸುಳಿದರೆ ತಿಂಗಳಿಡೀ ಜಗಳ. ಬೀದಿ ನಲ್ಲಿಯಲ್ಲಿ ಬೇರೆಯವರು ನೀರು ಹಿಡಿದಿದ್ದರೆ ಹೆಂಡತಿ ಮಹಾಂತಮ್ಮ ಅದಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆಯೇ ಕೊಡ ಇಡಬೇಕು. ಹೊಳೆಹೊನ್ನೂರಿನ ಸಂತೆಬೀದಿಯಲ್ಲಿ ಹತ್ತು ಜನರ ನಡುವೆ ಬೆಳೆದ ಹೆಂಗಸು, ಎಲ್ಲರೆದುರು ತಲೆ ತಗ್ಗಿಸಿ ತಿಕ್ಕುತ್ತಿದ್ದರು. ಕನ್ನಡನಾಡು ಒಂದಾಗಿ ವರ್ಷ ಕಳೆದಿತ್ತು, ಲೈನು ಒಂದಾಗಿರಲಿಲ್ಲ.

ಹೀಗಿರುವಾಗ ಒಂದು ಸುದ್ದಿಯನ್ನು ನಲ್ಲಿ ಬಳಿಯಿಂದ ತಂದವರು ಮಹಾಂತಮ್ಮನೇ.

"ನೆರೆಹೊರೆಯವರನ್ನ ಒಂದು ಮಾಡಿದವರಿಗೆ ಕಾರ್ಖಾನೆಯವರು ಹೊಳೆ ಕಡೆಯ ಬಿಡಿ ಮನೆ ಕೊಡ್ತಾರಂತೆ. ನೆರೆಯವರೇ ಸಾಕ್ಷಿ ಹೇಳ್ಬೇಕಂತೆ. ಒಂದಿಷ್ಟು ದಿನ ಒಳ್ಳೆಯವರಾಗಿರಿ, ಮನೆ ನಿಮ್ಮದೇ."

ಬಿಡಿ ಮನೆ! ಸುತ್ತ ಕಾಂಪೌಂಡು, ಸ್ವಂತ ನಲ್ಲಿ, ಅಕ್ಕಪಕ್ಕದಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಜನರ ಕಾಟ ತಪ್ಪಬೇಕಾದರೆ ಜನರನ್ನು ಪ್ರೀತಿಸುವುದೊಂದೇ ದಾರಿ ಎಂದಾಯಿತು.

ಪ್ರೀತಿಸಿದರು. ಯುಗಾದಿಗೆ ಮನೆಮನೆಗೂ ಒಬ್ಬಟ್ಟು ಹಂಚಿದರು. ರಂಜಾನಿಗೆ ವಹಾಬ್ ಸಾಬರ ಮನೆಯ ಶಾವಿಗೆ ಪಾಯಸವನ್ನು ಕಣ್ಣಿಗೊತ್ತಿಕೊಂಡು ತಂದು ಬೀದಿ ಹಸುವಿಗೆ ಸುರಿದರು. ಆರುಮುಗಂ ಹೆಗಲ ಮೇಲೆ ಕೈ ಹಾಕಿ ನಡೆದರು, ಮನೆಗೆ ಬಂದು ತಲೆಗೆ ಸ್ನಾನ ಮಾಡಿದರು.

ಲೈನು ಬೆಣ್ಣೆಯಂತೆ ಕರಗಿತು. ಮೊನ್ನೆವರೆಗೂ ಕೊಡಕ್ಕಾಗಿ ಕೂದಲು ಹಿಡಿದು ಎಳೆದಾಡುತ್ತಿದ್ದ ಹೆಂಗಸರು ಸಂಜೆಯಾದರೆ ನಲ್ಲಿ ಬಳಿ ಗುಸುಗುಸು ಮಾತಿಗೆ ಕೂರುತ್ತಿದ್ದರು. ಏಕಾಂತಪ್ಪನವರು ಕಂಡರೆ ಮಾತು ನಿಲ್ಲಿಸಿ ನಗುತ್ತಿದ್ದರು.

"ಪೆದ್ದ ಜನ. ಹಲ್ಲು ಕಿರಿದ್ರೆ ಸಾಕು, ಹಳೇದೆಲ್ಲ ಮರೀತಾರೆ," ಎಂದರು ಅವರು ಹೆಂಡತಿಗೆ.

"ಹೌದು, ಪಾಪ," ಎಂದರು ಮಹಾಂತಮ್ಮ.

ಈಗ ಕಾಫಿ ಲೋಟ ಕೆಳಗಿಟ್ಟು ಆಫೀಸರು ಸುತ್ತ ಸೇರಿದ್ದ ನೆರೆಯವರನ್ನು ಕೇಳಿದರು: "ಏನಪ್ಪಾ, ಇವರ ವಿಷಯ ನೀವೇನಂತೀರಿ?"

"ಇವರಿಂದ್ಲೇ ಸಾಹೇಬ್, ನಾವೆಲ್ಲ ಒಂದಾಗಿದ್ದು. ಖುದಾ ಕಸಮ್," ಎಂದರು ವಹಾಬ್ ಸಾಬರು.

"ಮನೆ ಇವರಿಗೇ ಕೊಡಬೇಕು ಸಾರ್. ಇವತ್ತೇ ಕೊಟ್ರೂ ಸಂತೋಷ," ಎಂದ ಆರುಮುಗಂ.

ಆಫೀಸರ ಕಣ್ಣು ಒದ್ದೆಯಾಯಿತು. ಮನೆ ಮಂಜೂರಾಯಿತು. ಏಕಾಂತಪ್ಪನವರು ಬಂಡಿ ಹುಡುಕಬೇಕಾಗಲಿಲ್ಲ. ಆರುಮುಗಂ ಆಗಲೇ ತಂದು ನಿಲ್ಲಿಸಿದ್ದ. ಒಲೆಯ ಬೂದಿ ಆರುವ ಮೊದಲೇ ಲೈನಿನವರೆಲ್ಲ ಸೇರಿ ಸಾಮಾನು ಏರಿಸಿದರು. ಆಹಾ, ಎಂಥ ಸೌಹಾರ್ದ!

ಸಂಜೆ ಹೊಸ ಮನೆಯ ಜಗುಲಿಯಲ್ಲಿ ಅವರು ಕಾಲು ಚಾಚಿ ಕೂತರು. ಸುತ್ತ ಯಾರೂ ಇಲ್ಲ. ಪರಮಸುಖ. ಆಗ ಬಿದಿರು ತಟ್ಟಿ ನೆನಪಾಯಿತು. ಹಳೆ ಮನೆ ಗುಡಿಸಿ ಬರುತ್ತೇನೆಂದು ಉಳಿದ ಮಹಾಂತಮ್ಮನೂ ಬಂದಿರಲಿಲ್ಲ. ಎರಡನ್ನೂ ತರಲು ಹೊರಟರು.

ಅಲ್ಲಿ ಹಿತ್ತಿಲಿಗೆ ಹಿತ್ತಿಲು ಕೂಡಿ ಒಂದೇ ಅಂಗಳವಾಗಿತ್ತು. ಇಡೀ ಲೈನು ಒಂದೇ ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕೂತಿತ್ತು. ಕಲ್ಲು ಹೂಡಿದ ಒಲೆಯ ಮೇಲೆ ಪಾಯಸದ ಕೊಳಗ. ಕೆಳಗೆ ಚಟಪಟ ಉರಿಯುತ್ತಿದ್ದುದು ಅವರ ಬಿದಿರು ತಟ್ಟಿ.

"ಅಂತೂ ನಿಮ್ಮ ಉಪಾಯ ಫಲಿಸ್ತು ಕಣಕ್ಕಾ. ಲೈನಿಗೆ ಹಿಡಿದ ಗ್ರಹ ಬಿಡ್ತು, ನಿಮಗೂ ನಲ್ಲಿ ತಿಕ್ಕೋದು ತಪ್ತು," ಎಂದಳು ಹೂವಮ್ಮ, ಬಡಿಸುವವರಿಗೆ ಎಲೆ ಒಡ್ಡುತ್ತ.

ಸೌಟು ಹಿಡಿದು ನಗುತ್ತ ಬಡಿಸುತ್ತಿದ್ದವರು ಮಹಾಂತಮ್ಮ.