ಒಂದೇ ರೆಕ್ಕೆಯ ಮೂರು ಗರಿ

ನಾನು ಶಾಲೆ ಬಿಟ್ಟದ್ದು 1994ರಲ್ಲಿ, ಆರನೇ ಇಯತ್ತೆಯ ನಡುವೆ. ಹುಮನಾಬಾದಿನ ನನ್ನ ಬಡಿಗತನದ ಅಂಗಡಿಯಲ್ಲಿ ಹಳೇ ಕುರ್ಚಿ ಕೂಡಿಸಲು ಸರೇಸು ಕಾಯಿಸಿದಾಗೆಲ್ಲ, ಆ ಅಂಟಿನ ನಾತದೊಳಗಿಂದ ನಮ್ಮೂರು ಘಾಟಬೋರಾಳದ ಒಂದು ಮಧ್ಯಾಹ್ನ ಎದ್ದು ಬರುತ್ತದೆ.

ಅಂಗಳದಲ್ಲಿ ಕುಳಿತು ತೊಗರಿ ಕಟ್ಟಿಗೆಯ ಬಾಣಕ್ಕೆ ಕೋಳಿಗರಿ ಅಂಟಿಸುತ್ತಿದ್ದೆ. ಸರೇಸು ಬಿಸಿಯಿದ್ದಾಗಲೇ ಗರಿ ಒತ್ತಿ ಹಿಡಿಯಬೇಕು, ಬೆರಳು ಸುಡುತ್ತಿದ್ದವು. ನನ್ನನ್ನು ಹಾಸ್ಟೆಲಿಗೆ ಸೇರಿಸಬೇಕೆಂದು ಬಸವಕಲ್ಯಾಣದಿಂದ ಬಂದಿದ್ದ ಮಾಮ ನಕ್ಕ.

“ಏನೋ ಸಾಹೇಬ, ಗರಿ ಆರಿಸಾಕತ್ತೀಯೋ, ಹೆಣ್ಣು ನೋಡಾಕತ್ತೀಯೋ?”

“ಮೂರೂ ಒಂದೇ ರೆಕ್ಕಿವು ಇರಬೇಕ್ರಿ. ಎಡಾ-ಬಲಾ ಕೂಡಿಸಿದ್ರ ಬಾಣ ಸೀದಾ ಹೋಗಂಗಿಲ್ಲ.”

“ಗರಿ ಅಂದ್ರ ಗರಿ. ಯಾವ ಪುಸ್ತಕದಾಗ ಓದಿದಿ?” ಎಂದು ಮಾಮ ಕೈಗೆ ಸಿಕ್ಕ ಮೂರು ಗರಿ ತಾನೇ ಅಂಟಿಸಿದ. “ನಂದು ಆ ಕುಳ್ಳಿನ ಬಣವಿಗೆ ಬಡೀತಂದ್ರ, ನಾಳೆ ಮುಂಜಾನೆ ಹಾಸ್ಟೆಲ್.”

“ನಂದೊಂದೇ ಬಡೀತಂದ್ರ?”

“ಮತ್ತ ಸಾಲಿ ಮಾತು ತೆಗೆಯಂಗಿಲ್ಲ.”

ಅಂಟು ಆರುವ ತನಕ ಕಾದೆವು. ಮಾಮನ ಬಾಣ ಒದ್ದಾಡುತ್ತ ಹೋಗಿ ಎಮ್ಮೆಯ ಮುಂದೆ ಬಿತ್ತು. ನನ್ನದು ಬೆರಣಿಯ ಬಣವೆಯ ನಡುವೆ ನಾಟಿತು.

“ಕೈ ಅದ ಮಗನಿಗೆ, ತಲಿ ಇಲ್ಲ,” ಅಂದ ಮಾಮ.

“ತಲಿ ಇಲ್ಲದ ಎಡಾ-ಬಲಾ ಹ್ಯಾಂಗ ತಿಳೀತ್ರಿ?”

ಮಾಮನೇ ನಕ್ಕುಬಿಟ್ಟ. ಅವ್ವ ನಗಲಿಲ್ಲ. ಅವನು ನನ್ನ ಶಾಲೆಗೆಂದು ತಂದಿದ್ದ ಹೊಸ ಪಾಟಿಚೀಲವನ್ನು ಮಡಚಿ ಟ್ರಂಕಿನ ತಳಕ್ಕೆ ಇಟ್ಟಳು.

ಈಗ ನನಗೆ ಒಂದು ಅಂಗಡಿ ಇದೆ, ಮೂರು ಯಂತ್ರ, ನಾಲ್ಕು ಜನ ಕೆಲಸಗಾರರು. ಇಷ್ಟು ವರ್ಷ ಗರಗಸದ ಮುಂದೆ ನಿಂತರೂ ಹತ್ತು ಬೆರಳೂ ಉಳಿದಿವೆ.